ಮಾತಿಗೆ ಮೊದಲೇ ತುಂಬಿದ ಪುಟ

ಅರಸೀಕೆರೆ

ಕಚೇರಿಯ ಮೂಲ ದಾಖಲೆಯನ್ನು ಕಚೇರಿಯ ಹೊಸಿಲು ದಾಟಿಸಬಾರದು ಎಂಬ ನಿಯಮವನ್ನು ಹದಿನೆಂಟು ವರ್ಷ ಕಟ್ಟುನಿಟ್ಟಾಗಿ ಪಾಲಿಸಿದವಳು ನಾನು. ಅಂಥವಳು ಹೋದ ಜನವರಿಯಲ್ಲಿ ಒಂದು ಮೂಲ ದಾಖಲೆಯನ್ನು ಸಮುದ್ರವನ್ನೇ ದಾಟಿಸಿದೆ. ನಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯ ನಡಾವಳಿ ಪುಸ್ತಕ, ಅಂದರೆ ಸಭೆಯಲ್ಲಿ ಆದದ್ದನ್ನೆಲ್ಲ ಬರೆದಿಡುವ ಪುಸ್ತಕ, ಕೆಂಪು ಬಟ್ಟೆ ಸುತ್ತಿಕೊಂಡು, ನನ್ನ ಎರಡು ಸ್ವೆಟರುಗಳ ನಡುವೆ ಬೆಚ್ಚಗೆ ಮಲಗಿ, ಸ್ಕಾಟ್ಲೆಂಡಿಗೆ ಬಂತು.

ನಾನು ಬೇಲೂರು ತಾಲ್ಲೂಕಿನಲ್ಲಿ, ಬಿಕ್ಕೋಡಿನಿಂದ ಒಳಗೆ, ಕಾಫಿ ತೋಟಗಳ ನಡುವಿನ ಒಂದು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ. ಮನೆ ಅರಸೀಕೆರೆ, ವಾರದ ದಿನಗಳಲ್ಲಿ ಬೇಲೂರಿನ ಬಾಡಿಗೆ ರೂಮು. ಶನಿವಾರ ಸಂಜೆ ಹಳೇಬೀಡು, ಜಾವಗಲ್ಲು ಎಂದು ಬಸ್ಸಿನಲ್ಲಿ ತೂಕಡಿಸುತ್ತ ಮನೆಗೆ ಬರುವುದು, ಸೋಮವಾರ ಅದೇ ದಾರಿಯಲ್ಲಿ ತೂಕಡಿಸುತ್ತ ವಾಪಸು ಹೋಗುವುದು, ಇಷ್ಟೇ ನನ್ನ ಪ್ರವಾಸದ ಅನುಭವ. ಹೀಗಿರುವಾಗ ಒಂದು ಆದೇಶ ಬಂತು. ಸ್ಕಾಟ್ಲೆಂಡಿನಲ್ಲಿ ಸರ್ಕಾರದವರು ಏನೇ ತೀರ್ಮಾನ ಮಾಡುವ ಮೊದಲು ಅದರಿಂದ ಮಕ್ಕಳಿಗೇನಾಗುತ್ತದೆ ಎಂದು ನೋಡುತ್ತಾರಂತೆ, ಮಕ್ಕಳನ್ನೇ ಕೇಳುತ್ತಾರಂತೆ. ಅದನ್ನು ಒಂದು ವಾರ ಕಂಡು ಬರಬೇಕು, ನಮ್ಮಲ್ಲಿ ನಡೆಯುವುದನ್ನು ಅಲ್ಲಿ ಹೇಳಿ ಬರಬೇಕು. ಆರು ಜನ ಆಯ್ಕೆಯಾಗಿದ್ದೆವು, ಆರು ಜನಕ್ಕೆ ಆರು ಬೇರೆ ಬೇರೆ ಊರು. ನನ್ನನ್ನು ಆರಿಸಿದ್ದೇಕೆಂದರೆ ನನ್ನ ನಡಾವಳಿ. ಒಂದು ಕಾಟು ಇಲ್ಲ, ಒಂದು ಗೀಟು ಇಲ್ಲ, ಮುತ್ತು ಪೋಣಿಸಿದ ಅಕ್ಷರ. ಜೆರಾಕ್ಸ್ ಮಾಡಿಸಿದರೆ ಮೊಹರು ಮಸಿಯ ಮುದ್ದೆಯಾಗಿ ಬಂತು. ಆ ಬೇಸರಕ್ಕೆ ಮೂಲವನ್ನೇ ಪೆಟ್ಟಿಗೆಗೆ ಹಾಕಿದೆ.

ನಮ್ಮೆಜಮಾನರು ನೋಡಿ, “ಏನೇ ಅದು ಕೆಂಪು ಬಟ್ಟೇಲಿ? ಪೂಜೆ ಸಾಮಾನಾ?” ಎಂದರು.

“ಅದಕ್ಕಿಂತ ಹೆಚ್ಚು,” ಎಂದೆ. ಆಗ ಹೆಮ್ಮೆಯಿಂದಲೇ ಹೇಳಿದ್ದೆ.

ಹೊರಡುವ ಹಿಂದಿನ ದಿನ ನಮ್ಮ ಪಂಚಾಯಿತಿಯ ಅಧ್ಯಕ್ಷರು ಫೋನ್ ಮಾಡಿದ್ದರು. ತೋಟದ ಕೂಲಿಯವರ ಲೈನ್ ಮನೆಗಳ ಪಕ್ಕದ ಸೋರುವ ಹಳೆಯ ಶಾಲೆಯನ್ನು ರಸ್ತೆ ಬದಿಯ ಹೊಸ ಕಟ್ಟಡಕ್ಕೆ ಸಾಗಿಸಬೇಕಿತ್ತು. ಆ ಕಟ್ಟಡಕ್ಕಾಗಿ ನಾಲ್ಕು ವರ್ಷ ಚಪ್ಪಲಿ ಸವೆಸಿದವರು ಅವರು. ಅದರ ಪ್ರಾರಂಭೋತ್ಸವ ನಾನು ಬಂದ ಮೇಲೆ ಎಂದು ಫೋನಿನಲ್ಲೇ ಗೊತ್ತುಮಾಡಿಕೊಂಡೆವು. ಮಕ್ಕಳೂ ಒಪ್ಪಿದ್ದಾರೆ ಎಂಬ ನಡಾವಳಿಯ ಪುಟವೊಂದನ್ನು ಕಡತಕ್ಕೆ ಲಗತ್ತಿಸಿದರೆ ಮುಗಿಯಿತು, ಶಾಲೆ ಜಾಗ ಬದಲಿಸುತ್ತದೆ.

ಬೆಂಗಳೂರಿನ ವಿಮಾನ ನಿಲ್ದಾಣ

ಅರಸೀಕೆರೆಯವಳು ಬರಿಗೈಯಲ್ಲಿ ಹೋದರೆ ಊರಿನ ಮರ್ಯಾದೆ ಏನಾಗಬೇಕು? ಗುಂಡು ಕೊಬ್ಬರಿ ಇಪ್ಪತ್ತು, ಆರಿಸಿ ಆರಿಸಿ ಇಟ್ಟಿದ್ದೆ. ಪೆಟ್ಟಿಗೆಯನ್ನು ಯಂತ್ರದೊಳಗೆ ಬಿಟ್ಟ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದಳು.

“ಮ್ಯಾಮ್, ಕೊಬ್ಬರಿ ಅಲೋ ಇಲ್ಲ. ಬೇಗ ಬೆಂಕಿ ಹತ್ಕೊಳ್ಳುತ್ತೆ.”

“ಏನಮ್ಮಾ, ನಮ್ಮೂರಲ್ಲಿ ಗೋದಾಮುಗಟ್ಟಲೆ ಇದೆ. ನಾವೆಲ್ಲ ಸುಟ್ಟು ಹೋಗಿದ್ದೀವಾ?”

ಅವಳು ನಕ್ಕಳು, ಆದರೆ ಕೊಬ್ಬರಿಯನ್ನು ತೆಗೆದೇ ಇಟ್ಟಳು. ಕೆಂಪು ಬಟ್ಟೆಯ ಗಂಟನ್ನು ಮುಟ್ಟಿ ನೋಡಿ, ಹಣೆಗೆ ಒತ್ತಿಕೊಂಡು ವಾಪಸು ಇಟ್ಟಳು. ಸರ್ಕಾರಿ ಪುಸ್ತಕಕ್ಕೆ ನಮಸ್ಕಾರ ಬಿತ್ತು, ಕೊಬ್ಬರಿಗೆ ಕಸದ ಡಬ್ಬಿ. ಅಲ್ಲಿಂದಲೇ ನನ್ನ ತಲೆ ಕೆಡಲು ಶುರುವಾಯಿತು.

ಸೋಮವಾರ

ನಾನಿದ್ದ ಊರು ಸಮುದ್ರದ ದಂಡೆಯ ಮೇಲಿತ್ತು. ಕಪ್ಪು ಕಲ್ಲಿನ ಮನೆಗಳು, ಮನೆಗೊಂದು ಹೊಗೆಕೊಳವೆ. ಸೂರ್ಯ ಒಂಬತ್ತು ಗಂಟೆಗೆ ಬಂದು, ಊಟವಾದ ಸ್ವಲ್ಪ ಹೊತ್ತಿಗೇ ರಜಾ ಹಾಕುತ್ತಿದ್ದ. ದಾರಿಯಲ್ಲಿ ನಾನು ಯಾರಿಗಾದರೂ ಡಿಕ್ಕಿ ಹೊಡೆದರೆ ಅವರೇ ಕ್ಷಮೆ ಕೇಳುತ್ತಿದ್ದರು. ಕಾಫಿ ಅಂಗಡಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಒಂದು ನಾಯಿ ಕೂತಿತ್ತು. ಅದರ ಯಜಮಾನಿ ನಾಯಿಗೆ ನನ್ನ ಪರಿಚಯ ಮಾಡಿಕೊಟ್ಟಳು.

ನನ್ನನ್ನು ನೋಡಿಕೊಳ್ಳಲು ನೇಮಿಸಿದ್ದವಳು ಫಿಯೋನಾ, ಅಲ್ಲಿನ ಪುರಸಭೆಯ ಉದ್ಯೋಗಿ, ಸುಮಾರು ನನ್ನದೇ ವಯಸ್ಸು. ಅವಳು ನನ್ನನ್ನು ಮಕ್ಕಳ ಸಮಿತಿಯ ಸಭೆಗೆ ಕರೆದುಕೊಂಡು ಹೋದಳು. ವೇದಿಕೆ ಇಲ್ಲ, ಹಾರ ಇಲ್ಲ, ಮೈಕಿಲ್ಲ. ಹನ್ನೆರಡು ಮಕ್ಕಳು ವೃತ್ತಾಕಾರದಲ್ಲಿ ಕೂತಿದ್ದರು. ದೊಡ್ಡವರಿಗೂ ಮಕ್ಕಳ ಕುರ್ಚಿಯೇ. ನನ್ನ ಗಾತ್ರಕ್ಕೆ ಆ ಕುರ್ಚಿ ಏನೇನೂ ಸಾಲದು. ಕೂತವಳು ಏಳುವುದು ಹೇಗೆಂದು ಯೋಚಿಸುತ್ತಲೇ ಅರ್ಧ ಸಭೆ ಕಳೆಯಿತು.

ನನ್ನ ಸರದಿ ಬಂತು. ಗೋಡೆಯ ಮೇಲೆ ನಮ್ಮ ಮಕ್ಕಳ ಗ್ರಾಮಸಭೆಯ ಫೋಟೋ ಬಿಟ್ಟರು. ನಮ್ಮ ಬಿಲ್ ಕಲೆಕ್ಟರ್ ಮಹೇಶ ವೇದಿಕೆಯ ಹಿಂದೆ ನಿಂತು ತೆಗೆದದ್ದು. ಮುಂದೆ ನನ್ನ ಬೆನ್ನು ಮತ್ತು ಮೇಜು, ಮೇಜಿನ ಮೇಲೆ ತೆರೆದ ನಡಾವಳಿ ಪುಸ್ತಕ, ಅದರಾಚೆ ನೆಲದ ಮೇಲೆ ಸಾಲು ಸಾಲಾಗಿ ಕೈಕಟ್ಟಿ ಕೂತ ಮಕ್ಕಳು. ಒಬ್ಬ ಹುಡುಗ ಮೈಕು ಹಿಡಿದು, ಮೇಷ್ಟರು ಬರೆದುಕೊಟ್ಟ ಚೀಟಿ ಓದುತ್ತಿದ್ದಾನೆ. ನಾನು ನನ್ನ ಇಂಗ್ಲಿಷಿನಲ್ಲಿ, ನಮ್ಮ ಮಕ್ಕಳು ಶಾಲೆಯನ್ನು ಸಾಗಿಸಲು ಸರ್ವಾನುಮತದಿಂದ ಒಪ್ಪಿದರು ಎಂದು ಹೇಳಿ, ಕೆಂಪು ಬಟ್ಟೆ ಬಿಚ್ಚಿ ಪುಸ್ತಕ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಏಲಿ ಎಂಬ ಹನ್ನೊಂದು ವರ್ಷದ ಹುಡುಗಿ ಕೈ ಎತ್ತಿದಳು. ಅವಳು ಆ ದಿನ ಸಭೆಯ ಟಿಪ್ಪಣಿ ಬರೆಯುತ್ತಿದ್ದವಳು.

“ಫೋಟೋದಲ್ಲಿ ಆ ಹುಡುಗ ಇನ್ನೂ ಮಾತಾಡುತ್ತಿದ್ದಾನೆ,” ಎಂದಳು. “ಆದರೆ ನಿಮ್ಮ ಪುಸ್ತಕದಲ್ಲಿ ಪುಟ ಆಗಲೇ ತುಂಬಿದೆ. ಕೊನೆಯಲ್ಲಿ ಸಹಿ ಕೂಡ ಇದೆ. ಅವರು ಏನು ಹೇಳುತ್ತಾರೆಂದು ನಿಮಗೆ ಮೊದಲೇ ಹೇಗೆ ಗೊತ್ತಾಯಿತು?”

ಈ ಪ್ರಶ್ನೆಯನ್ನು ಹದಿನೆಂಟು ವರ್ಷದಲ್ಲಿ ಯಾವ ಆಡಿಟರೂ ಕೇಳಿರಲಿಲ್ಲ.

ನಮ್ಮಲ್ಲಿ ಅದು ಪದ್ಧತಿ. ಸಭೆಯ ದಿನ ನೂರು ತಾಪತ್ರಯ: ಶಾಮಿಯಾನ, ಬಿಸ್ಕತ್ತು, ಕರೆಂಟು, ಬಂದವರಿಗೆ ಶಾಲು. ಬರೆಯಲು ಪುರುಸೊತ್ತೆಲ್ಲಿ? ಅದಕ್ಕೆ ಹಿಂದಿನ ಸಂಜೆಯೇ ಕೂತು ನಡಾವಳಿಯನ್ನು ಚೆಂದವಾಗಿ ಬರೆದಿಡುವುದು. ‘ಮಕ್ಕಳು ಸಂತೋಷದಿಂದ ಸಮ್ಮತಿಸಿದರು.’ ಮಾರನೆಯ ದಿನ ಮಕ್ಕಳು ಬಂದು ಅದರಂತೆ ಸಮ್ಮತಿಸುತ್ತಾರೆ. ಇದರಲ್ಲಿ ತಪ್ಪೇನಿದೆ ಎಂದು ನನಗೆ ಅಂದಿನವರೆಗೆ ಅನ್ನಿಸಿಯೇ ಇರಲಿಲ್ಲ. ಈಗ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಒಂದು ವಾಕ್ಯವೂ ನೆಟ್ಟಗೆ ನಿಲ್ಲಲಿಲ್ಲ.

ಏಲಿ ಕಾಯಲಿಲ್ಲ. “ಹಿಂದಿನ ಸಾಲಿನಲ್ಲಿ ಒಬ್ಬಳು ಕೈ ಎತ್ತಿದ್ದಾಳೆ. ಅವಳು ಏನು ಹೇಳಿದಳು?”

ನೋಡಿದೆ. ಹೌದು, ಎರಡು ಜಡೆಯ ಹುಡುಗಿ. ಐದನೇ ಕ್ಲಾಸಿನ ಚಂದನ, ಲೈನ್ ಮನೆಯವಳು. ಆ ಫೋಟೋವನ್ನು ನಾನು ಎಷ್ಟು ಸಲ ನೋಡಿದ್ದೆನೋ, ಆ ಕೈ ಮಾತ್ರ ಕಂಡಿರಲಿಲ್ಲ.

“ಗೊತ್ತಿಲ್ಲ. ಕೇಳಿ ಹೇಳುತ್ತೇನೆ,” ಎಂದೆ, ಅಲ್ಲಿಂದ ಪಾರಾಗಲು.

ನಮ್ಮಲ್ಲಿ ‘ಕೇಳಿ ಹೇಳುತ್ತೇನೆ’ ಎಂದರೆ ಮಾತು ಮುಗಿಯಿತು ಎಂದರ್ಥ. ಅವರಲ್ಲಿ ಅದು ಶುರುವಂತೆ. ಏಲಿ ನನ್ನ ಹೆಸರಿನ ಕಾಗುಣಿತ ಕೇಳಿ ಬರೆದುಕೊಂಡು, “ಗುರುವಾರಕ್ಕೆ ಆಗುತ್ತದೆಯೇ?” ಎಂದಳು.

ಮಂಗಳವಾರ

ಆ ಊರಿನಲ್ಲಿ ಆಗ ಈಜುಕೊಳದ ಗಲಾಟೆ. ಕೊಳದ ಮೇಲ್ಛಾವಣಿ ಶಿಥಿಲವಾಗಿದೆ, ಮುಚ್ಚಬೇಕೇ ಎಂದು ಪುರಸಭೆ ಯೋಚಿಸುತ್ತಿತ್ತು. ಅದಕ್ಕಾಗಿ ಶಾಲೆ ಶಾಲೆಗೆ ಹೋಗಿ ಮಕ್ಕಳನ್ನು ಕೇಳಿದ್ದರು. ಫಿಯೋನಾ ಆ ಕಡತ ತೋರಿಸಿದಳು. ನಾಲ್ಕು ವರ್ಷದ ಮಗು ಬಿಡಿಸಿದ ಚಿತ್ರಕ್ಕೂ ಒಂದು ನಂಬರು. ‘ನನಗೆ ಈಜು ಕಂಡರಾಗದು, ಮುಚ್ಚಿದರೆ ಖುಷಿ’ ಎಂದ ಹುಡುಗನ ಮಾತೂ ಹಾಗೇ ಇತ್ತು. ನಮ್ಮಲ್ಲಾಗಿದ್ದರೆ ಮೇಷ್ಟರು ಅವನ ಕಿವಿ ಹಿಂಡಿ ಚೀಟಿ ಬದಲಾಯಿಸುತ್ತಿದ್ದರು. ಇನ್ನೊಂದು ಕಡೆ, ‘ಈ ಮಗು ಮಾತಾಡಲು ಇಷ್ಟಪಡಲಿಲ್ಲ’ ಎಂದಿತ್ತು. ಇಷ್ಟಪಡದೇ ಇದ್ದದ್ದನ್ನೂ ಬರೆಯುವ ಕಚೇರಿಯನ್ನು ನಾನು ಕನಸಿನಲ್ಲಿಯೂ ಕಂಡಿರಲಿಲ್ಲ.

ಹಳೇಬೀಡಿಗೆ ಶಾಲೆಯ ಮಕ್ಕಳ ಪ್ರವಾಸ ಬರುವುದು ನೆನಪಾಯಿತು. ಮುಂದಿನವನ ಅಂಗಿಯ ತುದಿ ಹಿಡಿದು ಸಾಲಾಗಿ ಬರುತ್ತಾರೆ. ಮುಟ್ಟಬೇಡಿ, ಮಾತಾಡಬೇಡಿ, ಕೈಕಟ್ಟಿ ಎಂಬ ಮೂರು ಮಾತು ಕೇಳಿಕೊಂಡು ದೇವಸ್ಥಾನ ಸುತ್ತುತ್ತಾರೆ. ಬೇಲೂರಿಗೆ ಬಂದು ಅದೇ ಮೂರು ಮಾತು ಕೇಳಿ ಬಸ್ಸು ಹತ್ತುತ್ತಾರೆ. ನಾನೂ ಹಾಗೆ ಬೆಳೆದವಳೇ. ಕೆಟ್ಟೇನೂ ಹೋಗಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಧ್ಯಾಹ್ನ ನಾವು ಏಲಿಯ ಶಾಲೆಯಲ್ಲಿದ್ದಾಗ ಪುರಸಭೆಯ ಮುಖ್ಯಸ್ಥರು ಅಲ್ಲಿಗೆ ಬಂದರು. ಉದ್ದನೆಯ ಮನುಷ್ಯ, ಆ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ಕೊಳವನ್ನು ಮುಚ್ಚಲೇಬೇಕಾಗಿದೆ ಎಂದು ಹೇಳಿದರು. ಯಾಕೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಮಕ್ಕಳು ಕೇಳಿದ ಎರಡು ಸಂಗತಿ ಆಗುತ್ತದೆ, ಉಳಿದವು ಆಗುವುದಿಲ್ಲ ಎಂದರು. ಒಬ್ಬ ಹುಡುಗಿ ಅತ್ತಳು. ಏಲಿ ಸಿಟ್ಟಿನಿಂದ, “ಹಾಗಾದರೆ ನಮ್ಮನ್ನು ಕೇಳಿದ್ದೇಕೆ?” ಎಂದಳು. ಆತ ಕೆಂಪಗಾದರು, ಆದರೆ ಎದ್ದು ಹೋಗಲಿಲ್ಲ. ಗಂಟೆಗಟ್ಟಲೆ ಕೂತು ಬೈಸಿಕೊಂಡರು.

ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಇಷ್ಟೆಲ್ಲ ಕೇಳಿ, ಬರೆದು, ನಂಬರು ಹಾಕಿ, ಕೊನೆಗೆ ಕೊಳಕ್ಕೆ ಬೀಗ. ನಾವು ಯಾರನ್ನೂ ಕೇಳದೆ ಹೊಸ ಶಾಲೆ ಕಟ್ಟಿದ್ದೇವೆ. ಯಾವುದು ವಾಸಿ? ಫಿಯೋನಾಳನ್ನು ಕೇಳಿದೆ. ಅವಳು ಚಹಾಕ್ಕೆ ತಣ್ಣನೆಯ ಹಾಲು ಸುರಿಯುತ್ತ, “ನನಗೂ ಕೆಲವು ದಿನ ಅರ್ಥವಾಗುವುದಿಲ್ಲ,” ಎಂದಳು. ಅವಳ ಮೇಲೆ ನನಗೆ ಆಗ ತುಂಬ ಪ್ರೀತಿ ಬಂತು.

ಹೋಟೆಲಿಗೆ ಬಂದರೆ ಅಧ್ಯಕ್ಷರ ಫೋನು.

“ಮೇಡಂ, ಪುಸ್ತಕ ಎಲ್ಲಿ ಮಡ್ಗಿದ್ದೀರಿ? ಬೀರು ಎಲ್ಲಾ ಜಾಲಾಡ್ಬುಟ್ವಿ.”

“ನನ್ ಹತ್ರ ಇದೆ ಸಾರ್.”

“ನಿಮ್ ಹತ್ರ ಅಂದ್ರೆ? ಬೇಲೂರ್ ರೂಮಲ್ಲಾ?”

“ಸ್ಕಾಟ್ಲೆಂಡಲ್ಲಿ.”

“ಅಯ್ಯೋ ಶಿವನೇ!” ಎಂದರು. ಆಮೇಲೆ ವಿಷಯ ಹೊರಬಿತ್ತು. ಶಾಸಕರಿಗೆ ಬರುವ ಸೋಮವಾರವೇ ಬಿಡುವಂತೆ. ಉದ್ಘಾಟನೆ ಅಂದೇ ಆಗಬೇಕು. “ಹೋಗ್ಲಿ ಬುಡಿ, ಬಯ್ಯಕ್ಕೆ ಟೈಮಿಲ್ಲ. ಆ ಒಂದ್ ಪುಟ ಫೋಟೋ ಹೊಡ್ದು ವಾಟ್ಸಾಪ್ ಮಾಡ್ಬುಡಿ. ಪ್ರಿಂಟ್ ಹಾಕಿ ಲಗತ್ತಿಸ್ತೀವಿ. ಗುರುವಾರದೊಳ್ಗೆ ಬೇಕು.”

ಒಂದು ಫೋಟೋ. ಫೋನು ಕೈಯಲ್ಲೇ ಇತ್ತು, ಪುಸ್ತಕ ಹಾಸಿಗೆಯ ಮೇಲಿತ್ತು. ಪುಟ ತೆರೆದೆ. ಫೋನು ಎತ್ತಿ ಹಿಡಿದೆ, ಮತ್ತೆ ಇಳಿಸಿದೆ. ಮೊದಲು ಮಹೇಶನನ್ನು ವಿಚಾರಿಸೋಣ, ಹುಡುಗಿ ಏನೂ ಇಲ್ಲ ಎಂದರೆ ಕಳಿಸಿದರಾಯಿತು ಎಂದು, ಚಂದನಳನ್ನು ಕೇಳಿ ತಿಳಿಸು ಎಂದು ಅವನಿಗೆ ಮೆಸೇಜು ಹಾಕಿದೆ.

ಬುಧವಾರ

ಬೆಳಿಗ್ಗೆ ಏಳು ಗಂಟೆಗೆ, ಅಂದರೆ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ, ಮಹೇಶ ಫೋನ್ ಮಾಡಿದ.

“ಏನಿಲ್ಲ ಮೇಡಂ. ಆ ಹುಡ್ಗಿ ಒಂದಕ್ಕೆ ಹೋಗ್ಬೇಕು ಅಂತ ಕೈ ಎತ್ತಿದ್ದಂತೆ.”

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಗುರುವಾರ ಏಲಿಗೆ ಹೇಳಿದರೆ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಪುಟ ಕಳಿಸಿಬಿಡುತ್ತೇನೆ. ಫೋನ್ ಇಡುವ ಮೊದಲು ಸುಮ್ಮನೆ ಕೇಳಿದೆ: “ಅವಳೇ ಹೇಳಿದ್ಲೇನಯ್ಯಾ?”

“ಅವಳ್ನ ಎಲ್ಲಿ ಕೇಳಕ್ಕೋಗ್ಲಿ ಮೇಡಂ? ಇನ್ನೇನಿರ್ತದೆ ಆ ವಯಸ್ನೋರ್ಗೆ, ಅಂತ ನಾನೇ ಹೇಳ್ದೆ.”

ಅವನನ್ನು ಬೈಯಲು ನನಗೆಲ್ಲಿಯ ಹಕ್ಕು? ಅವನು ನನ್ನ ಕೈಕೆಳಗೆ ಒಂಬತ್ತು ವರ್ಷ ಕೆಲಸ ಕಲಿತವನು. ಕೇಳುವ ಮೊದಲೇ ಉತ್ತರ ಬರೆಯುವುದನ್ನು ಇನ್ನೆಲ್ಲಿಂದ ಕಲಿತಿದ್ದಾನು?

“ಈಗ್ಲೇ ಸ್ಕೂಲಿಗೆ ಹೋಗು. ಅವಳ ಕೈಗೇ ಫೋನ್ ಕೊಡು,” ಎಂದೆ.

ಅರ್ಧ ಗಂಟೆಯ ಮೇಲೆ ಮತ್ತೆ ಫೋನ್ ಬಂತು. ಬಿಸಿಯೂಟದ ತಟ್ಟೆಗಳ ಸದ್ದಿನ ನಡುವೆ ಒಂದು ಸಣ್ಣ ದನಿ.

“ನಮಸ್ತೆ ಮೇಡಂ.”

“ಚಂದನ, ಅವತ್ತು ಸಭೇಲಿ ಕೈ ಎತ್ತಿದ್ಯಲ್ಲ, ಏನು ಹೇಳೋಕೆ?”

“ಏನಿಲ್ಲ ಮೇಡಂ. ನೀವು ಹೇಳ್ದಂಗೇ ಆಗ್ಲಿ ಮೇಡಂ.”

“ನಾನೇನೂ ಹೇಳ್ತಿಲ್ಲ ಪುಟ್ಟಿ. ನೀನು ಹೇಳು. ಯಾರೂ ಬೈಯಲ್ಲ.”

ತಟ್ಟೆಗಳ ಸದ್ದು ದೂರವಾಯಿತು. ಮಹೇಶ ಅವಳನ್ನು ಆಚೆಗೆ ಕರೆದುಕೊಂಡು ಹೋಗಿರಬೇಕು.

“ನಮ್ಮವ್ವ ಏಳೂವರೆಗೇ ಕಾಫಿ ಕುಯ್ಯಕ್ಕೆ ಹೋಯ್ತದೆ ಮೇಡಂ. ತಮ್ಮನ್ನ ನಾನೇ ನೋಡ್ಕಬೇಕು. ಅಂಗನವಾಡಿ ಸ್ಕೂಲ್ ಪಕ್ಕದಾಗೇ ಐತಲ್ಲ, ಬೆಲ್ ಹೊಡ್ಯೋ ಹೊತ್ಗೆ ಅವನ್ನ ಬುಟ್ಟು ಓಡ್ಬತ್ತೀನಿ. ಮಧ್ಯಾಹ್ನ ಅಳ್ತಾನೆ, ಹೋಗಿ ಉಣ್ಣಿಸ್ತೀನಿ. ಸ್ಕೂಲು ರೋಡ್ ಹತ್ರ ಹೋದ್ರೆ ಎರಡು ಕಿಲೋಮೀಟ್ರು. ಅಂಗನವಾಡಿ ಇಲ್ಲೇ ಇರ್ತದೆ. ನಮ್ಮವ್ವ ಹೇಳೈತೆ, ಸ್ಕೂಲ್ ಅತ್ಲಾಗ್ ಹೋದ್ರೆ ನೀನು ಮನೇಲಿರು ಅಂತ.”

“ಇದನ್ನೇ ಹೇಳ್ಬೇಕಿತ್ತಾ ಅವತ್ತು?”

“ಹೂಂ.”

“ಯಾಕೆ ಹೇಳ್ಲಿಲ್ಲ?”

“ನೀವು ಕೂತ್ಕೋ ಟೈಮಾಯ್ತು ಅಂದ್ರಲ್ಲ ಮೇಡಂ.”

ಅಂದಿರಬೇಕು. ನನಗೆ ನೆನಪೇ ಇರಲಿಲ್ಲ. ಅವಳಿಗೆ ಎರಡು ತಿಂಗಳಾದರೂ ನೆನಪಿತ್ತು. ಏನಾದರೂ ಮಾಡೋಣ, ಸ್ಕೂಲು ಬಿಡಬೇಡ ಎಂದೇನೋ ತೊದಲಿದೆ. ಅವಳು, “ನೀವು ಫಾರಿನ್ನಿಂದ ಇದ್ನ ಕೇಳಕ್ಕೇ ಮಾಡಿದ್ರಾ ಮೇಡಂ?” ಎಂದಳು. ಹೌದು ಎಂದೆ. “ಥ್ಯಾಂಕ್ಯೂ ಮೇಡಂ,” ಎಂದು ಫೋನನ್ನು ಮಹೇಶನಿಗೆ ಕೊಟ್ಟು ಓಡಿದಳು. ತಮ್ಮನಿಗೆ ಉಣ್ಣಿಸುವ ಹೊತ್ತಾಗಿತ್ತು.

ಕೂಡಲೇ ಅಧ್ಯಕ್ಷರಿಗೆ ಫೋನ್ ಮಾಡಿ, ಪುಟ ಕಳಿಸುವುದಿಲ್ಲ ಎಂದೆ.

“ಯಾಕ್ರೀ? ಸರ್ವಾನುಮತ ಅಂತ ನೀವೇ ಬರ್ದಿದ್ದೀರಲ್ಲ!”

“ಬರ್ದಿದ್ದೀನಿ ಸಾರ್. ಆದ್ರೆ ಅದು ನಡೆದಿಲ್ಲ.”

ಅವರು ಬೈದರು. ಪುಸ್ತಕ ಹೊರಗೆ ಒಯ್ದದ್ದಕ್ಕೆ ಮೇಲಿನವರಿಗೆ ಬರೆಯುತ್ತೇನೆ ಎಂದರು. ಬರೆಯಲಿ, ಅದು ನಿಜವೇ ತಾನೆ. ನಾಲ್ಕು ವರ್ಷ ತಾವು ಅಲೆದದ್ದನ್ನು ಒಂದೊಂದಾಗಿ ಹೇಳಿದರು. ಅದೂ ನಿಜವೇ. ನಾನು ಚಂದನಳ ಮಾತನ್ನು ಅವಳು ಹೇಳಿದಂತೆಯೇ ಹೇಳಿದೆ. ಒಂದು ಪದವನ್ನೂ ತಿದ್ದಲಿಲ್ಲ.

“ಅಲ್ಲಾ ಕಣ್ರೀ,” ಎಂದರು ಅಧ್ಯಕ್ಷರು. “ಹೊಸ ಬಿಲ್ಡಿಂಗಲ್ಲಿ ಸ್ಟೋರ್ ರೂಮ್ ಅಂತ ಒಂದು ಖಾಲಿ ಐತೆ. ಅಂಗನವಾಡೀನೂ ಅಲ್ಲಿಗೇ ಹಾಕ್ಬೋದಿತ್ತು. ಆ ಇಲಾಖೆಯೋರ್ನ ನಾನೇ ಕೇಳ್ತಿದ್ದೆ. ಮೊದ್ಲೇ ಒಂದ್ ಮಾತು ಹೇಳ್ಬಾರ್ದಾ?”

“ನಂಗೂ ಗೊತ್ತಿರ್ಲಿಲ್ಲ ಸಾರ್.”

ಇಷ್ಟು ಸುಲಭವಿತ್ತು. ಅಂಗನವಾಡಿಯೂ ಬರಲಿ, ಉದ್ಘಾಟನೆಗೆ ಶಾಸಕರ ಹತ್ತಿರ ಬೇರೆ ದಿನ ಕೇಳೋಣ ಎಂದು ಅವರೇ ಗೊಣಗುತ್ತ ಫೋನ್ ಇಟ್ಟರು. ನಾನು ಅಂದು ತಿಂಡಿ ತಿನ್ನಲಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ. ನನ್ನ ಚೆಂದದ ಅಕ್ಷರದಲ್ಲಿದ್ದ ಹಿಂದಿನ ಸಭೆಗಳ ಪುಟಗಳನ್ನು ಒಂದೊಂದಾಗಿ ತಿರುವಿದೆ. ಸಂತೋಷದಿಂದ ಸಮ್ಮತಿಸಿದರು. ಸಂತೋಷದಿಂದ ಸಮ್ಮತಿಸಿದರು. ಆ ಸಭೆಗಳಲ್ಲಿ ಎಷ್ಟು ಜನ ಕೈ ಎತ್ತಿದ್ದರೋ, ಅದಕ್ಕೆ ಫೋಟೋ ಕೂಡ ಇಲ್ಲ.

ಗುರುವಾರ

ಮತ್ತೆ ಅದೇ ವೃತ್ತ, ಅದೇ ಕುರ್ಚಿ. ಕೂರುವುದು ಬೇಡವೆಂದು ನಿಂತೇ ಹೇಳಿದೆ. ಚಂದನ, ಅವಳ ತಮ್ಮ, ಎರಡು ಕಿಲೋಮೀಟರು, ಖಾಲಿ ಕೋಣೆ. ನನ್ನ ಪುಟವನ್ನು ನಾನು ಸಭೆಯ ಹಿಂದಿನ ದಿನವೇ ಬರೆದದ್ದೂ, ಅದು ಸುಳ್ಳಾದದ್ದೂ ಹೇಳಿದೆ. ಇಂಗ್ಲಿಷು ಎಷ್ಟು ತಪ್ಪಿತೋ ಲೆಕ್ಕವಿಲ್ಲ. ಮಕ್ಕಳು ನಗಲಿಲ್ಲ. ಏಲಿ ಬರೆದುಕೊಳ್ಳುತ್ತಿದ್ದಳು. ಈಜುಕೊಳ ಕಳೆದುಕೊಂಡ ಸಿಟ್ಟು ಅವಳ ಮುಖದಿಂದ ಇನ್ನೂ ಇಳಿದಿರಲಿಲ್ಲ.

“ನೀವು ಒಬ್ಬಳನ್ನು ಕೇಳಿದಿರಿ, ಅವಳಿಗೆ ಕೋಣೆ ಸಿಕ್ಕಿತು,” ಎಂದಳು. “ನಮ್ಮನ್ನು ಎಲ್ಲರನ್ನೂ ಕೇಳಿದರು, ನಮಗೆ ಕೊಳ ಸಿಗಲಿಲ್ಲ.”

ಫಿಯೋನಾಳತ್ತ ನೋಡಿದೆ, ಅವಳು ನೆಲ ನೋಡುತ್ತಿದ್ದಳು.

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಕೆಂಪು ಕೂದಲಿನ ಸಣ್ಣ ಹುಡುಗನೊಬ್ಬ ಮೆಲ್ಲಗೆ ಕೇಳಿದ: “ಆ ಹುಡುಗಿಗೆ ನಿಮ್ಮ ಮೇಲೆ ತುಂಬ ಸಿಟ್ಟಿತ್ತಾ?”

“ಇಲ್ಲ,” ಎಂದೆ. “ಥ್ಯಾಂಕ್ಯೂ ಎಂದಳು.”

“ಯಾಕೆ?” ಎಂದ ಅವನು. ಕುಹಕವಿಲ್ಲ, ನಿಜಕ್ಕೂ ಅವನಿಗೆ ಅರ್ಥವಾಗಿರಲಿಲ್ಲ. ಅವನ ಊರಿನಲ್ಲಿ ಕೇಳಿದ್ದಕ್ಕೇ ಯಾವ ಮಗುವೂ ಥ್ಯಾಂಕ್ಯೂ ಹೇಳುವುದಿಲ್ಲ, ಕೇಳಲೇಬೇಕಾದದ್ದು ಅದು.

ನಾನು ಬಾಯಿ ತೆರೆದೆ. ಹುಟ್ಟಿದಾಗಿನಿಂದ ಚಂದನಳನ್ನು ಯಾರಾದರೂ ಕೇಳಿದ್ದು ಅದೇ ಮೊದಲಿರಬೇಕು, ಅವಳು ಬೈದಿದ್ದರೂ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ ಎಂದು ಹೇಳಬೇಕೆಂದುಕೊಂಡೆ. ನನ್ನ ಇಂಗ್ಲಿಷು ಅದಕ್ಕೆ ಸಾಲಲಿಲ್ಲ. ಕನ್ನಡದಲ್ಲಿ ಹೇಳುತ್ತಿರುವುದೂ ಇದೇ ಮೊದಲು.